ಹಳೆ ಪುಸ್ತಕದ ಮುಗ್ಗಲು ವಾಸನೆ ಹೋಗಲಾಡಿಸುವುದು ಹೇಗೆ? ಇಲ್ಲಿದೆ ಮಾಹಿತಿ

ಮುಂಬೈನ ಫ್ಲೋರಾ ಫೌಂಟನ್ ಬಳಿಯ ಫುಟ್‌ಪಾತ್, ಹೈದರಾಬಾದ್‌ನ ಕೋಠಿ, 2019ರಲ್ಲಿ ಮಹಿಳಾ ಹಾತ್‌ಗೆ ಸ್ಥಳಾಂತರಗೊಂಡ ದೆಹಲಿಯ ದರಿಯಾಗಂಜ್ ಭಾನುವಾರದ ಸಂತೆ, ಬೆಂಗಳೂರಿನ ಅವೆನ್ಯೂ ರಸ್ತೆ. ಕಡಿಮೆ ಬೆಲೆಗೆ ಒಳ್ಳೆಯ ಪುಸ್ತಕ ಸಿಗುವ ಜಾಗಗಳಿವು. ಆದರೆ ಪುಸ್ತಕದ ಜತೆ ಮುಗ್ಗಲು ವಾಸನೆಯೂ ಮನೆಗೆ ಬರುತ್ತದೆ. ಮರುಮುದ್ರಣವಾಗದ ಕನ್ನಡ ಪುಸ್ತಕ ಹೊರನಾಡಿನಲ್ಲಿ ಮತ್ತೆ ಸಿಗುವುದು ಕಷ್ಟ. ಹಾಗಾಗಿ ವಾಸನೆ ಬರುತ್ತಿದೆ ಎಂದು ರದ್ದಿಗೆ ಹಾಕುವಂತಿಲ್ಲ. ಹಾಗೆಂದು ನೇರವಾಗಿ ಕಪಾಟಿಗೆ ಸೇರಿಸಿದರೆ ಬೂಷ್ಟು ಉಳಿದ ಪುಸ್ತಕಗಳಿಗೂ ಹರಡಬಹುದು.

ವಾಸನೆ ಏಕೆ ಬರುತ್ತದೆ?

ಎಲ್ಲ ವಾಸನೆಯೂ ಒಂದೇ ಅಲ್ಲ. ಕಾಗದದಲ್ಲಿರುವ ಸೆಲ್ಯುಲೋಸ್ ಮತ್ತು ಲಿಗ್ನಿನ್ ವರ್ಷಗಳು ಕಳೆದಂತೆ ಒಡೆದು, ಅಸಿಟಿಕ್ ಆಮ್ಲ, ಫರ್ಫ್ಯೂರಲ್‌ನಂತಹ ಆವಿಯಾಗುವ ರಾಸಾಯನಿಕಗಳನ್ನು ಬಿಡುತ್ತವೆ. ಇವುಗಳ ಆಧಾರದ ಮೇಲೆ ಕಾಗದದ ಸ್ಥಿತಿಯನ್ನು ತಿಳಿಯಬಹುದು ಎಂದು ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಮಾತಿಯಾ ಸ್ಟರ್ಲಿಚ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದ್ದರು. ತುಸು ಸಿಹಿಯಾದ ಈ ವಾಸನೆ ಪುಸ್ತಕದ ವಯಸ್ಸಿನ ಗುರುತು. ಸಾಮಾನ್ಯವಾಗಿ ಚಿಂತೆ ಬೇಕಿಲ್ಲ.

ಮಳೆಗಾಲದ ಒದ್ದೆ ಬಟ್ಟೆಯಂತಹ ಘಾಟು ಮಾತ್ರ ಬೂಷ್ಟಿನ ಲಕ್ಷಣ. ಗಾಳಿಯ ಆರ್ದ್ರತೆ ಶೇ 65ಕ್ಕಿಂತ ಹೆಚ್ಚು ಕಾಲ ಮೇಲಿದ್ದರೆ ಕಾಗದ ಮತ್ತು ಅಂಟಿನ ಮೇಲೆ ಶಿಲೀಂಧ್ರ ಬೆಳೆಯುತ್ತದೆ. ಅಸ್ತಮಾ, ಅಲರ್ಜಿ ಇರುವವರಿಗೆ ಇದು ತೊಂದರೆ ಕೊಡುತ್ತದೆ.

ಮೊದಲು ಒಣಗಿಸಿ

ಹೊಸದಾಗಿ ತಂದ ಹಳೆ ಪುಸ್ತಕವನ್ನು ಒಂದೆರಡು ವಾರ ಬೇರೆಯಾಗಿ ಇಡಬೇಕು. ತೇವವಿದ್ದರೆ ಪುಟಗಳನ್ನು ಬಿಡಿಸಿ ನೆಟ್ಟಗೆ ನಿಲ್ಲಿಸಿ, ಫ್ಯಾನ್ ಗಾಳಿ ನೇರವಾಗಿ ಬಡಿಯದಂತೆ ಒಣಗಿಸಬೇಕು. ನಡುನಡುವೆ ಬಿಳಿ ಹಾಳೆ ಇಟ್ಟು ಬದಲಿಸುತ್ತಿದ್ದರೆ ತೇವ ಬೇಗ ಎಳೆಯುತ್ತದೆ. ತೇವದ ಪುಟಗಳ ನಡುವೆ ಸುದ್ದಿಪತ್ರಿಕೆ ಬೇಡ, ಅದರ ಮಸಿ ಅಂಟಬಹುದು.

ಪೂರ್ತಿ ಒಣಗಿದ ನಂತರವೇ ಮೇಲಿನ ಬೂಷ್ಟನ್ನು ಮೃದುವಾದ ಬ್ರಷ್‌ನಿಂದ ತೆಗೆಯಬೇಕು. ಒದ್ದೆಯಿದ್ದಾಗ ಉಜ್ಜಿದರೆ ಕಲೆ ಕಾಗದದೊಳಗೆ ಇಳಿಯುತ್ತದೆ. ಈ ಕೆಲಸವನ್ನು ಎನ್95 ಮಾಸ್ಕ್ ಹಾಕಿಕೊಂಡು, ಬಾಲ್ಕನಿ ಅಥವಾ ತಾರಸಿಯಲ್ಲಿ ಮಾಡುವುದು ಕ್ಷೇಮ.

ಡಬ್ಬಿಯ ವಿಧಾನ

* ಮುಚ್ಚಳ ಬಿಗಿಯಾಗಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ.
* ತಳದಲ್ಲಿ ಒಂದು ಬಟ್ಟಲು ಅಡುಗೆ ಸೋಡಾ ಅಥವಾ ಆಕ್ಟಿವೇಟೆಡ್ ಚಾರ್ಕೋಲ್ ಇಡಿ.
* ಅದಕ್ಕೆ ತಾಗದಂತೆ, ಪುಟಗಳು ಸ್ವಲ್ಪ ಬಿಡಿಸಿಕೊಂಡಿರುವಂತೆ ಪುಸ್ತಕವನ್ನು ನಿಲ್ಲಿಸಿ ಮುಚ್ಚಿ.
* ಒಂದು ವಾರದ ನಂತರ ಪರೀಕ್ಷಿಸಿ. ವಾಸನೆ ಉಳಿದಿದ್ದರೆ ಸೋಡಾ ಬದಲಿಸಿ ಮತ್ತೆ ಇಡಿ.

ಸೋಡಾ ಆಮ್ಲೀಯ ವಾಸನೆಯನ್ನು ತಟಸ್ಥಗೊಳಿಸುತ್ತದೆ. ಚಾರ್ಕೋಲ್ ತನ್ನ ಸೂಕ್ಷ್ಮ ರಂಧ್ರಗಳಲ್ಲಿ ವಾಸನೆಯ ಕಣಗಳನ್ನು ಹಿಡಿದಿಡುತ್ತದೆ. ಸೋಡಾ ಪುಡಿಯನ್ನು ಪುಟಗಳ ಮೇಲೆ ಉದುರಿಸಬಾರದು. ಬೈಂಡಿಂಗ್‌ನೊಳಗೆ ಸೇರಿದರೆ ತೆಗೆಯುವುದು ಕಷ್ಟ. ಸಿಗರೇಟಿನ ವಾಸನೆ ಹೋಗಲು ಇದನ್ನೇ ಹಲವು ಬಾರಿ ಮಾಡಬೇಕಾದೀತು.

ಇವು ಬೇಡ

* ಸುಡುಬಿಸಿಲು: ಕಾಗದ ಹಳದಿಯಾಗಿ ಪೆಡಸಾಗುತ್ತದೆ, ರಕ್ಷಾಪುಟದ ಬಣ್ಣ ಮಾಸುತ್ತದೆ. ನೆರಳಿನ ಗಾಳಿಯೇ ಸಾಕು.
* ಸೆಂಟು, ರೂಮ್ ಫ್ರೆಶ್‌ನರ್: ವಾಸನೆಯನ್ನು ಮುಚ್ಚುತ್ತವೆಯೇ ಹೊರತು ತೆಗೆಯುವುದಿಲ್ಲ, ಕಲೆಯೂ ಆಗಬಹುದು.
* ನ್ಯಾಫ್ತಲಿನ್ ಗುಳಿಗೆ: ಇದರ ಘಾಟು ಪುಸ್ತಕಕ್ಕೆ ಅಂಟಿಕೊಳ್ಳುತ್ತದೆ. ಇದರ ಆವಿ ಆರೋಗ್ಯಕ್ಕೂ ಒಳ್ಳೆಯದಲ್ಲ. ಜಿ6ಪಿಡಿ ಕಿಣ್ವದ ಕೊರತೆ ಇರುವವರಲ್ಲಿ ಕೆಂಪು ರಕ್ತಕಣಗಳು ಒಡೆಯುವ ಅಪಾಯವಿದೆ.
* ಮೈಕ್ರೋವೇವ್: ಪಿನ್ನು, ಅಂಟು ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು.

ಫ್ರೀಜರ್‌ನಲ್ಲಿಟ್ಟರೆ?

ಗಾಳಿಯಾಡದ ಚೀಲದಲ್ಲಿ ಹಾಕಿ ಎರಡು ವಾರ ಫ್ರೀಜರ್‌ನಲ್ಲಿಟ್ಟರೆ ಪುಸ್ತಕದ ಹುಳುಗಳು ಸಾಯುತ್ತವೆ. ಆದರೆ ಬೂಷ್ಟು ಸಾಯುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ ಅಷ್ಟೇ. ವಾಸನೆಯೂ ಹೋಗುವುದಿಲ್ಲ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಇಲ್ಲದಿದ್ದರೆ ಪುಟಗಳ ಮೇಲೆ ನೀರಿನ ಹನಿ ಕೂರುತ್ತದೆ.

ಮತ್ತೆ ಬಾರದಿರಲು

ಮುಂಬೈ, ಚೆನ್ನೈಯಂತಹ ಕಡಲ ತೀರದ ಊರುಗಳಲ್ಲಿ ಕಪಾಟನ್ನು ಮಳೆ ಬಡಿಯುವ ಹೊರಗೋಡೆಗೆ ತಾಗಿಸಿ ಇಡಬಾರದು. ದೆಹಲಿಯ ಬೇಸಿಗೆಯಲ್ಲಿ ನೀರಿನ ಕೂಲರ್ ಇರುವ ಕೋಣೆಯಲ್ಲೂ ತೇವ ಏರುತ್ತದೆ. ಪುಸ್ತಕಗಳು ಬೇರೆ ಕೋಣೆಯಲ್ಲಿದ್ದರೆ ಒಳ್ಳೆಯದು. ಅಗ್ಗದ ಹೈಗ್ರೋಮೀಟರ್ ಇಟ್ಟುಕೊಂಡು, ಆರ್ದ್ರತೆ ಶೇ 60 ದಾಟಿದರೆ ಎಸಿಯನ್ನು ಡ್ರೈ ಮೋಡ್‌ನಲ್ಲಿ ಓಡಿಸಬಹುದು.

ಅಪರೂಪದ ಪುಸ್ತಕ, ಕೈಬರಹದ ಪ್ರತಿ ಅಥವಾ ಒಳಪುಟಗಳವರೆಗೂ ಬೂಷ್ಟು ಹಿಡಿದ ಪ್ರತಿಗೆ ಮನೆಮದ್ದು ಬೇಡ. ಇಂಟ್ಯಾಕ್ ಸಂಸ್ಥೆಗೆ ಬೆಂಗಳೂರು ಮತ್ತು ದೆಹಲಿಯಲ್ಲಿ ಸಂರಕ್ಷಣಾ ಕೇಂದ್ರಗಳಿವೆ. ಅಂತಹ ಕಡೆ ತಜ್ಞರ ಸಲಹೆ ಕೇಳುವುದು ಉತ್ತಮ.