ಕಾಂಡ್ಲಾ ಹೋಯಿತು, ದಡವೂ ಹೋಯಿತು

ಇಂಡೋನೇಷ್ಯಾದ ಜಾವಾ ದ್ವೀಪದ ಉತ್ತರ ತೀರದ ದೆಮಾಕ್ ಐನೂರು ವರ್ಷಗಳ ಹಿಂದೆ ಹೆಸರಾಂತ ಬಂದರು. ಜಾವಾದ ಮೊದಲ ಪ್ರಬಲ ಮುಸ್ಲಿಂ ರಾಜ್ಯದ ರಾಜಧಾನಿಯೂ ಹೌದು. ಪಟ್ಟಣಕ್ಕೂ ಎದುರಿನ ಮುರಿಯಾ ಪರ್ವತಕ್ಕೂ ನಡುವೆ ಆಗ ಜಲಸಂಧಿಯೊಂದಿತ್ತು. ಹಡಗುಗಳು ಅದರ ಮೂಲಕ ಸಾಗುತ್ತಿದ್ದವು. ನದಿಗಳು ಹೊತ್ತು ತಂದ ಹೂಳು ತುಂಬಿ 17ನೇ ಶತಮಾನದ ಹೊತ್ತಿಗೆ ಆ ದಾರಿ ಮುಚ್ಚಿಹೋಯಿತು. ಬಂದರು ಒಳನಾಡಿನ ಊರಾಯಿತು. ಹೀಗೆ ಕಡಲನ್ನು ಹಿಂದಕ್ಕೆ ತಳ್ಳಿ ನೆಲ ಬೆಳೆದ ದೆಮಾಕ್ ಜಿಲ್ಲೆಯಲ್ಲೇ ಇಂದು ಕಡಲು ಹಳ್ಳಿಗಳನ್ನು ನುಂಗುತ್ತಿದೆ. ಇದು ಹೇಗಾಯಿತು?

ನದಿ ತಂದ ಹೂಳು ನೆಲವಾಗಬೇಕಾದರೆ ಅದು ದಡದಲ್ಲಿ ನಿಲ್ಲಬೇಕು. ನಿಲ್ಲಿಸುವ ಕೆಲಸ ಮಾಡುವುದು ಮ್ಯಾಂಗ್ರೋವ್, ನಮ್ಮ ಉತ್ತರ ಕನ್ನಡದವರು ಕಾಂಡ್ಲಾ ಎನ್ನುವ ಗಿಡ. ಉಬ್ಬರದ ನೀರು ಅದರ ಬೇರುಗಳ ನಡುವೆ ನುಗ್ಗಿ ವೇಗ ಕಳೆದುಕೊಳ್ಳುತ್ತದೆ; ಕೆಸರು ತಳಕ್ಕಿಳಿಯುತ್ತದೆ. 100 ಮೀಟರ್ ಅಗಲದ ಕಾಂಡ್ಲಾ ಪಟ್ಟಿಯನ್ನು ದಾಟುವಷ್ಟರಲ್ಲಿ ಅಲೆಯ ಎತ್ತರ ಶೇ 13ರಿಂದ 66ರಷ್ಟು ತಗ್ಗುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ.

1980ರ ದಶಕದಲ್ಲಿ ವಿದೇಶಿ ಮಾರುಕಟ್ಟೆಯಲ್ಲಿ ಸಿಗಡಿಗೆ ಭಾರಿ ಬೇಡಿಕೆ ಬಂತು. ಜಾವಾ ತೀರದ ಕಾಂಡ್ಲಾ ಕಾಡು ಕಡಿದು ಸಿಗಡಿ ಹೊಂಡಗಳನ್ನು ತೋಡಲಾಯಿತು. ಕೆಲವೆಡೆ ಭತ್ತದ ಗದ್ದೆಗಳೂ ಹೊಂಡಗಳಾದವು. ಅಲೆಗೆ ಈಗ ಎದುರಾದದ್ದು ಬರಿಯ ಮಣ್ಣಿನ ಏರಿ. ಏರಿಗೆ ಬಡಿದು ಹಿಂದಿರುಗುವ ಅಲೆ ಅದರ ಬುಡದ ಕೆಸರನ್ನು ಕೊರೆದೊಯ್ಯುತ್ತದೆ. ಬುಡ ಆಳವಾದಷ್ಟೂ ಇನ್ನೂ ದೊಡ್ಡ ಅಲೆ ಒಳಬರುತ್ತದೆ. ಹೀಗೆ ಒಂದೊಂದೇ ಏರಿ ಒಡೆದು ಹೊಂಡಗಳು ಕಡಲಿಗೆ ಸೇರಿದವು.

ತಪ್ಪು ಸಿಗಡಿಯದೊಂದೇ ಅಲ್ಲ. ಪಕ್ಕದ ಸೆಮರಾಂಗ್ ನಗರದಲ್ಲಿ ಬಂದರು ಬೆಳೆಯಿತು, ಕಡಲಿಗೆ ಮಣ್ಣು ತುಂಬಿ ನೆಲ ಮಾಡಲಾಯಿತು. ಇದರಿಂದ ತೀರದ ಹರಿವು ಮತ್ತು ಹೂಳಿನ ಚಲನೆ ಬದಲಾಯಿತು. ಕಾರ್ಖಾನೆಗಳು ಮತ್ತು ಮನೆಗಳಿಗಾಗಿ ಆಳದಿಂದ ನೀರೆತ್ತಿದ ಪರಿಣಾಮ, ನೆಲವೇ ಕೆಲವೆಡೆ ವರ್ಷಕ್ಕೆ 8 ಸೆಂಟಿಮೀಟರಿಗಿಂತ ಹೆಚ್ಚು ಕುಸಿಯುತ್ತಿದೆ. ಬೆಡೊನೊ ಗ್ರಾಮದ ಕೆಲವು ಕೇರಿಗಳ ಜನ ಊರು ಬಿಟ್ಟರು. ತಿಂಬುಲ್‌ಸ್ಲೊಕೊದಲ್ಲಿ ಉಳಿದವರು ಮನೆಯ ನೆಲವನ್ನು ಮತ್ತೆ ಮತ್ತೆ ಎತ್ತರಿಸಿಕೊಂಡು, ಮರದ ಹಲಗೆಯ ಕಾಲುದಾರಿಯಲ್ಲಿ ಓಡಾಡುತ್ತಿದ್ದಾರೆ.

ಹಾಗಾದರೆ ಗಿಡ ನೆಟ್ಟರೆ ಸಾಲದೇ? ಕೊರೆತ ಆರಂಭವಾದ ದಡದಲ್ಲಿ ನೆಟ್ಟ ಸಸಿ ನಿಲ್ಲುವುದು ಕಷ್ಟ, ಅಲೆ ಕಿತ್ತೊಯ್ಯುತ್ತದೆ. ಆದ್ದರಿಂದ 2015ರಲ್ಲಿ ಆರಂಭವಾದ ಯೋಜನೆಯೊಂದು ಬೇರೆ ದಾರಿ ಹಿಡಿಯಿತು. ಕಡಲಲ್ಲಿ ಗಳಗಳನ್ನು ನೆಟ್ಟು, ನಡುವೆ ರೆಂಬೆಕೊಂಬೆ ತುಂಬಿದ ಬೇಲಿ ಕಟ್ಟಲಾಯಿತು. ನೀರು ಒಳನುಸುಳಿ ಕೆಸರನ್ನು ಬಿಟ್ಟು ಹೋಗಬೇಕು, ಆ ಕೆಸರಿನಲ್ಲಿ ಬೀಜ ತಾನಾಗಿ ಮೊಳೆಯಬೇಕು ಎಂಬುದು ಲೆಕ್ಕಾಚಾರ. ಕೆಲವೆಡೆ ಇದು ಫಲಿಸಿತು. ನೆಲ ವೇಗವಾಗಿ ಕುಸಿಯುವಲ್ಲಿ ಮಾತ್ರ ಕೂಡಿದ ಕೆಸರು ಸಾಕಾಗಲಿಲ್ಲ.

ದೆಮಾಕ್ ಹೇಳುವ ಪಾಠ ಇಷ್ಟೇ: ಮೊದಲು ಮಣ್ಣು ನಿಲ್ಲಬೇಕು, ಆಮೇಲೆ ಗಿಡ. ಮೇಲೆ ಕೂಡುವ ಮಣ್ಣಿಗಿಂತ ಬೇಗನೆ ನೆಲವನ್ನು ಕೊಳವೆ ಬಾವಿಗಳು ಕೆಳಗೆ ಇಳಿಸುತ್ತಿದ್ದರೆ ಕಾಂಡ್ಲಾ ಕೂಡ ದಡ ಕಾಯಲಾರದು.