ಇಂಗ್ಲಿಷ್ ವಾಕ್ಯಗಳ ಬಗೆಗಳು

ಇಂಗ್ಲಿಷ್ ವ್ಯಾಕರಣದಲ್ಲಿ ವಾಕ್ಯಗಳನ್ನು ಎರಡು ದಿಕ್ಕಿನಿಂದ ವಿಂಗಡಿಸುವುದು ರೂಢಿ. ವಾಕ್ಯ ಮಾಡುವ ಕೆಲಸವನ್ನು ನೋಡಿದರೆ ಹೇಳಿಕೆ, ಪ್ರಶ್ನೆ, ಆಜ್ಞೆ, ಉದ್ಗಾರ ಎಂಬ ನಾಲ್ಕು ಬಗೆ. ಒಳಗಿನ ಕಟ್ಟಡವನ್ನು ನೋಡಿದರೆ ಸರಳ, ಸಂಯುಕ್ತ, ಮಿಶ್ರ, ಸಂಯುಕ್ತ-ಮಿಶ್ರ ಎಂಬ ಬೇರೆ ನಾಲ್ಕು. ಒಂದು ವಿಂಗಡಣೆ ಇನ್ನೊಂದನ್ನು ಕಟ್ಟಿಹಾಕುವುದಿಲ್ಲ. ಪ್ರಶ್ನೆ ಸರಳವೂ ಆಗಿರಬಹುದು, ಮಿಶ್ರವೂ ಆಗಿರಬಹುದು.

ಹಳೆಯ ಇಂಗ್ಲಿಷಿನಲ್ಲಿದ್ದ ವಿಭಕ್ತಿ ಪ್ರತ್ಯಯಗಳು ಬಹುಪಾಲು ಸವೆದುಹೋದ ಮೇಲೆ ಆ ಭಾಷೆಯಲ್ಲಿ ಪದ ಕೂರುವ ಜಾಗಕ್ಕೇ ಹೆಚ್ಚಿನ ಬೆಲೆ ಬಂತು. ಕರ್ತೃ, ಕ್ರಿಯಾಪದ, ಕರ್ಮ ಎಂಬ ಕ್ರಮದಲ್ಲಿ ನಿಂತರೆ ಅದು ಹೇಳಿಕೆ. ಕರ್ತೃವಿನ ಜಾಗ ಖಾಲಿ ಬಿಡುವಂತಿಲ್ಲ. ಹೆಸರಿಸಲು ಕರ್ತೃವೇ ಇಲ್ಲದಿದ್ದರೂ 'ಇಟ್ ಈಸ್ ರೈನಿಂಗ್' ಎಂದು 'ಇಟ್' ಅನ್ನು ತಂದು ಕೂರಿಸಬೇಕು. 'ಅವನು ನನ್ನ ತಮ್ಮ' ಎಂದು ಕ್ರಿಯಾಪದವಿಲ್ಲದೆ ಮುಗಿಸುವ ಕನ್ನಡದ ಸಲೀಸು ಕೂಡ ಅಲ್ಲಿಲ್ಲ.

ಕಲಿಯುವವರನ್ನು ಹೆಚ್ಚು ಕಾಡುವುದು ಪ್ರಶ್ನಾರ್ಥಕ ವಾಕ್ಯ. ಕನ್ನಡದಲ್ಲಿ 'ಬಂದಳು' ಎಂಬುದಕ್ಕೆ ಒಂದು ಪ್ರತ್ಯಯ ಹಚ್ಚಿ 'ಬಂದಳಾ' ಎಂದರೆ ಸಾಕು, ಪದಗಳು ಜಾಗ ಬಿಟ್ಟು ಕದಲಬೇಕಿಲ್ಲ. ಇಂಗ್ಲಿಷಿನಲ್ಲಿ ಸಹಾಯಕ ಕ್ರಿಯಾಪದ ಕರ್ತೃವಿನ ಮುಂದಕ್ಕೆ ಬರಬೇಕು: 'ಶಿ ಈಸ್ ಸಿಂಗಿಂಗ್' ಎಂಬುದು 'ಈಸ್ ಶಿ ಸಿಂಗಿಂಗ್' ಆಗುತ್ತದೆ. ಸಹಾಯಕ ಕ್ರಿಯಾಪದ ಇಲ್ಲದಿದ್ದರೆ 'ಡು' ಎಂಬುದನ್ನು ಎರವಲು ತಂದು 'ಡಸ್ ಶಿ ಸಿಂಗ್' ಎನ್ನಬೇಕು. ಈ 'ಡು' ಮೊದಲಿಂದಲೂ ಕಡ್ಡಾಯವಾಗಿರಲಿಲ್ಲ. ಶೇಕ್ಸ್‌ಪಿಯರ್‌ನ ಕಾಲದಲ್ಲಿ ಅದು ಇರುವ ಪ್ರಶ್ನೆಯೂ ಇಲ್ಲದ ಪ್ರಶ್ನೆಯೂ ಜೊತೆಜೊತೆಗೆ ಬಳಕೆಯಲ್ಲಿದ್ದವು. 18ನೇ ಶತಮಾನದ ಹೊತ್ತಿಗೆ ಇಂದಿನ ನಿಯಮ ಹೆಚ್ಚುಕಡಿಮೆ ನೆಲೆಗೊಂಡಿತ್ತು. ಪ್ರಶ್ನಾಪದವೇ ಕರ್ತೃವಾಗಿದ್ದರೆ ಮಾತ್ರ ಈ ಯಾವ ತಿರುವುಮುರುವೂ ಬೇಡ: 'ಹೂ ಬ್ರೋಕ್ ದ ಕಪ್'. ಇನ್ನೊಂದು ವಾಕ್ಯದೊಳಗೆ ಸೇರಿದ ಪ್ರಶ್ನೆ ಮತ್ತೆ ಹೇಳಿಕೆಯ ಕ್ರಮಕ್ಕೇ ಮರಳುತ್ತದೆ. 'ಐ ಡೋಂಟ್ ನೋ ವೇರ್ ಹಿ ಈಸ್' ಸರಿ. ಕೊನೆಯಲ್ಲಿ 'ಈಸ್ ಹಿ' ಎಂದರೆ ತಪ್ಪು. ನಮ್ಮಲ್ಲಿ ಓದು ಬರಹ ಬಲ್ಲವರೂ ಎಡವುವ ಜಾಗ ಇದು.

ಹೇಳಿಕೆಯ ಬಾಲಕ್ಕೆ ಅಂಟುವ ಪುಟ್ಟ ಪ್ರಶ್ನೆಯೂ ಹಾಗೆಯೇ. ಕನ್ನಡದ 'ಅಲ್ವಾ' ಯಾವ ಮಾತಿಗೂ ಹೊಂದುತ್ತದೆ. ಇಂಗ್ಲಿಷಿನಲ್ಲಿ ಅದು ಹಿಂದಿನ ಹೇಳಿಕೆಯ ಕ್ರಿಯಾಪದವನ್ನು ಅನುಸರಿಸಿ 'ಈಸಂಟ್ ಶಿ', 'ಡಿಡಂಟ್ ದೇ', 'ಕ್ಯಾನ್ ಯು' ಎಂದು ಬದಲಾಗುತ್ತಲೇ ಇರಬೇಕು. ಭಾರತೀಯರ ಇಂಗ್ಲಿಷಿನಲ್ಲಿ ಎಲ್ಲದಕ್ಕೂ 'ಈಸಂಟ್ ಇಟ್' ಎಂಬ ಒಂದೇ ಬಾಲ ಕೇಳಿಬರುವುದು ಇದೇ ಕಾರಣಕ್ಕೆ ಇರಬೇಕು.

ಆಜ್ಞಾರ್ಥಕ ವಾಕ್ಯದಲ್ಲಿ ಕರ್ತೃ ಸಾಮಾನ್ಯವಾಗಿ ಮರೆಯಾಗಿರುತ್ತದೆ, ಕ್ರಿಯಾಪದ ಮೂಲರೂಪದಲ್ಲಿರುತ್ತದೆ. ಬಾ, ಬನ್ನಿ ಎರಡಕ್ಕೂ ಅಲ್ಲಿರುವುದು ಬರೀ 'ಕಮ್'. ಮರ್ಯಾದೆ ತೋರಿಸಲು ಕ್ರಿಯಾಪದದಲ್ಲಿ ದಾರಿಯಿಲ್ಲದ್ದರಿಂದ ಇಂಗ್ಲಿಷ್ ಮಾತುಗಾರರು ಆಜ್ಞೆಯನ್ನು ಪ್ರಶ್ನೆಯ ರೂಪದಲ್ಲಿ ಇಡುತ್ತಾರೆ: 'ಕುಡ್ ಯು ಓಪನ್ ದ ವಿಂಡೋ'. ಇದಕ್ಕೆ 'ಯೆಸ್' ಎಂದಷ್ಟೇ ಹೇಳಿ ಕುಳಿತವನು ವ್ಯಾಕರಣಕ್ಕೆ ತಪ್ಪದಿದ್ದರೂ ಸಭ್ಯತೆಗೆ ತಪ್ಪಿದಂತೆ. ವಾಕ್ಯದ ರೂಪ ಬೇರೆ, ಆಡಿದವರ ಉದ್ದೇಶ ಬೇರೆ ಎಂಬುದನ್ನು ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡಿನಲ್ಲಿ ಕೊಟ್ಟ ಉಪನ್ಯಾಸಗಳು ಗಟ್ಟಿಯಾಗಿ ಮುಂದಿಟ್ಟವು; 1962ರಲ್ಲಿ ಅವು ಪುಸ್ತಕವಾದವು. ಹಾಗಾಗಿ ಬಗೆಯನ್ನು ಗುರುತಿಸುವಾಗ ರೂಪವನ್ನು ನಂಬುವುದೇ ಕ್ಷೇಮ.

ಉದ್ಗಾರ ವಾಕ್ಯಕ್ಕೂ ಈ ಮಾತು ಸಲ್ಲುತ್ತದೆ. ಕೊನೆಗೊಂದು ಭಾವಸೂಚಕ ಚಿಹ್ನೆ ಹಾಕಿದ ಮಾತ್ರಕ್ಕೆ ಹೇಳಿಕೆ ಉದ್ಗಾರವಾಗದು. 'ವಾಟ್' ಅಥವಾ 'ಹೌ' ಇಂದ ಆರಂಭವಾಗಿ, ಕರ್ತೃವಿನ ನಂತರ ಕ್ರಿಯಾಪದ ಬರುವುದು ಅದರ ನಿಜವಾದ ಗುರುತು: 'ವಾಟ್ ಎ ಲವ್ಲಿ ಹೌಸ್ ಇಟ್ ಈಸ್'. ಭಾರತದ ಕೆಲವು ಶಾಲಾ ಗೈಡುಗಳು ಹಾರೈಕೆಯ ವಾಕ್ಯವನ್ನು ಐದನೆಯ ಬಗೆಯಾಗಿ ಸೇರಿಸುತ್ತವೆ. 'ಮೇ ಗಾಡ್ ಬ್ಲೆಸ್ ಯು' ಎಂಬಂಥ ಬೆರಳೆಣಿಕೆಯ ಮಾತುಗಳಿಗಾಗಿ ಒಂದು ಬಗೆಯನ್ನೇ ತೆರೆಯುವುದು ಅತಿಯಾಯಿತು.

ಇನ್ನು ಕಟ್ಟಡದ ವಿಚಾರ. ಲಿಂಡ್ಲಿ ಮರ್ರೆ 1795ರಲ್ಲಿ ಪ್ರಕಟಿಸಿದ ಹೆಸರಾಂತ ವ್ಯಾಕರಣದಲ್ಲಿ ಸರಳ, ಸಂಯುಕ್ತ ಎಂಬ ಎರಡೇ ಬಗೆ ಇದ್ದವು. ಮಿಶ್ರ ವಾಕ್ಯವನ್ನು ಬೇರ್ಪಡಿಸಿ ಹೇಳುವುದು 19ನೇ ಶತಮಾನದಲ್ಲಿ ಶಾಲೆಗಳಿಗೆ ಬಂತು. 1877ರಲ್ಲಿ ಅಮೆರಿಕದ ರೀಡ್ ಮತ್ತು ಕೆಲಾಗ್ ವಾಕ್ಯವನ್ನು ಗೆರೆಗಳ ನಕ್ಷೆಯಾಗಿ ಬಿಡಿಸುವ ವಿಧಾನವನ್ನು ತಮ್ಮ ಪಠ್ಯದಲ್ಲಿ ಕೊಟ್ಟರು. ಅಲ್ಲಿನ ಮಕ್ಕಳು ತಲೆಮಾರುಗಟ್ಟಲೆ ಆ ನಕ್ಷೆ ಬರೆದರು.

ಸರಳ ವಾಕ್ಯದಲ್ಲಿ ಒಂದೇ ಉಪವಾಕ್ಯ. ಉದ್ದ ಎಷ್ಟಾದರೂ ಇರಲಿ. ಸಂಯುಕ್ತದಲ್ಲಿ ಸರಿಸಮಾನವಾದ ಉಪವಾಕ್ಯಗಳನ್ನು 'ಅಂಡ್', 'ಬಟ್', 'ಆರ್' ಮೊದಲಾದವು ಜೋಡಿಸುತ್ತವೆ. ಬರೀ ಅಲ್ಪವಿರಾಮದಿಂದ ಎರಡು ಪೂರ್ಣ ವಾಕ್ಯಗಳನ್ನು ಹೊಲಿಯುವುದನ್ನು ಇಂಗ್ಲಿಷ್ ಮೇಷ್ಟರು ದೋಷವೆಂದೇ ಎಣಿಸುತ್ತಾರೆ. ಮಿಶ್ರದಲ್ಲಿ ಒಂದು ಪ್ರಧಾನ, ಉಳಿದದ್ದು ಅದರ ಅಧೀನ. 'ನಿನ್ನೆ ಬಂದ ಹುಡುಗ ನನ್ನ ತಮ್ಮ' ಎಂಬಲ್ಲಿ ಕನ್ನಡ ಒಂದು ಕೃದಂತವನ್ನು ನಾಮಪದಕ್ಕೆ ಮೊದಲು ಇಟ್ಟು ಮುಗಿಸುತ್ತದೆ. ಇಂಗ್ಲಿಷ್ 'ಹೂ ಕೇಮ್ ಯೆಸ್ಟರ್ಡೇ' ಎಂಬ ಪೂರ್ತಿ ಉಪವಾಕ್ಯವನ್ನು ನಾಮಪದದ ನಂತರ ತರುತ್ತದೆ. ಕನ್ನಡ ಶಾಲಾ ವ್ಯಾಕರಣದಲ್ಲೂ ಸಾಮಾನ್ಯ, ಸಂಯೋಜಿತ, ಮಿಶ್ರ ಎಂಬ ಮೂರು ಬಗೆಗಳಿವೆ. ಆದರೆ ಒಂದು ಭಾಷೆಯ ಮಿಶ್ರ ವಾಕ್ಯ ಇನ್ನೊಂದರಲ್ಲೂ ಮಿಶ್ರವಾಗಿಯೇ ಇರುತ್ತದೆ ಎಂದು ಎಣಿಸಬಾರದು. ಪ್ರಧಾನ ಉಪವಾಕ್ಯಗಳು ಎರಡಾದರೂ ಇದ್ದು, ಅಧೀನವೂ ಒಂದಾದರೂ ಸೇರಿದರೆ ಅದು ಸಂಯುಕ್ತ-ಮಿಶ್ರ.

ಭಾರತದ ಶಾಲೆಗಳಲ್ಲಿ ಈ ವಿಂಗಡಣೆ ಬೇರೂರಿದ್ದರಲ್ಲಿ ರೆನ್ ಮತ್ತು ಮಾರ್ಟಿನ್ ಅವರ ಪುಸ್ತಕದ ಪಾಲು ದೊಡ್ಡದು. ವಾಕ್ಯ ಪರಿವರ್ತನೆಯ ಅಭ್ಯಾಸಗಳು ಅದರಲ್ಲಿ ಹೇರಳ: 'ಹಿ ಈಸ್ ಟೂ ವೀಕ್ ಟು ವಾಕ್' ಎಂಬ ಸರಳ ವಾಕ್ಯದಿಂದ 'ಟೂ' ತೆಗೆದು 'ಹಿ ಈಸ್ ಸೋ ವೀಕ್ ದಟ್ ಹಿ ಕೆನಾಟ್ ವಾಕ್' ಎಂದು ಬರೆದರೆ ಅರ್ಥ ಹಾಗೇ ಉಳಿದು ಬಗೆ ಮಾತ್ರ ಮಿಶ್ರವಾಗುತ್ತದೆ. ಹಡಲ್‌ಸ್ಟನ್ ಮತ್ತು ಪುಲಮ್ 2002ರಲ್ಲಿ ಹೊರತಂದ ಕೇಂಬ್ರಿಡ್ಜ್ ವ್ಯಾಕರಣ ವಾಕ್ಯದ ಬದಲು ಉಪವಾಕ್ಯವನ್ನೇ ಘಟಕವಾಗಿ ಹಿಡಿದು, ಹೌದು-ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಯನ್ನೂ ಯಾರು-ಏನು ಎಂದು ಕೇಳುವ ಪ್ರಶ್ನೆಯನ್ನೂ ಬೇರೆ ಮಾಡಿ ಐದು ಬಗೆ ಹೇಳಿತು. ನಮ್ಮ ಶಾಲಾ ಪುಸ್ತಕಗಳಲ್ಲಿ ಇಂದಿಗೂ ಹೆಚ್ಚಾಗಿ ಕಾಣುವುದು ಹಳೆಯ ನಾಲ್ಕೇ.