ಮೂಳೆಯ ಕ್ಯಾನ್ಸರಿನ ಜಾಡು ಹಿಡಿದ ಕಥೆ

ವಿದ್ಯಾರ್ಥಿ ಮಿತ್ರರೇ, ಕಾಪುವಿನ ಯುವಕನೊಬ್ಬನಿಗೆ ಏದುಸಿರು ಕಾಣಿಸಿಕೊಂಡಿತು ಎಂದಿಟ್ಟುಕೊಳ್ಳಿ. ಪರೀಕ್ಷಿಸಿದಾಗ ಹೃದಯದ ಬಲಭಾಗದಲ್ಲಿ ಒಂದು ಗಡ್ಡೆ ಇದೆ. ಅದು ಹೆಪ್ಪುಗಟ್ಟಿದ ರಕ್ತವೇ? ಹೃದಯದಲ್ಲಿಯೇ ಹುಟ್ಟಿದ ಅಪಾಯವಿಲ್ಲದ ಗಂತಿಯೇ? ಅಥವಾ ಕೆಲವು ವರ್ಷಗಳ ಹಿಂದೆ ಮೊಣಕಾಲಿನಲ್ಲಿದ್ದು, ಗುಣವಾಯಿತೆಂದು ಮನೆಯವರು ಮರೆತುಬಿಟ್ಟ ಮೂಳೆಯ ಕ್ಯಾನ್ಸರೇ? ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ರೋಗವನ್ನು ತಪ್ಪಾಗಿ ಗುರುತಿಸಿದರೆ ಹೋಗುವುದು ಒಂದು ಜೀವ. ಇದನ್ನು ಬಿಡಿಸಿ ಹೇಳುವ ಸಾಮರ್ಥ್ಯ ವೈದ್ಯಶಾಸ್ತ್ರಕ್ಕೆ ಒಂದೇ ದಿನದಲ್ಲಿ ಬಂದುದಲ್ಲ.

1889ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್, ಸ್ತನದ ಕ್ಯಾನ್ಸರಿನಿಂದ ಮೃತಪಟ್ಟ 735 ಮಹಿಳೆಯರ ಶವಪರೀಕ್ಷೆಯ ದಾಖಲೆಗಳನ್ನು ಪರಿಶೀಲಿಸಿದರು. ರೋಗವು ಎಲ್ಲ ಅಂಗಗಳಿಗೂ ಸಮನಾಗಿ ಹರಡುವುದಿಲ್ಲ. ಬೀಜ ಎಲ್ಲೆಡೆ ಬಿದ್ದರೂ ಹದವಾದ ನೆಲದಲ್ಲಿ ಮಾತ್ರ ಮೊಳೆಯುವಂತೆ, ಕ್ಯಾನ್ಸರಿನ ಜೀವಕೋಶಗಳೂ ತಮಗೆ ಒಗ್ಗುವ ಅಂಗವನ್ನು ಬಯಸುತ್ತವೆ ಎಂಬುದು ಅವರ ವಾದ. ರಕ್ತದ ಹಾದಿಯೂ ಮುಖ್ಯವೇ. ಕಾಲಿನ ಅಶುದ್ಧ ರಕ್ತ ಹೃದಯದ ಬಲಭಾಗವನ್ನು ಹಾದು ಶ್ವಾಸಕೋಶದ ಸೂಕ್ಷ್ಮ ನಾಳಗಳನ್ನು ಸೇರುತ್ತದೆ. ಆದುದರಿಂದಲೇ ಆಸ್ಟಿಯೋಸಾರ್ಕೋಮಾ ಎಂಬ ಮೂಳೆಯ ಕ್ಯಾನ್ಸರು ಹೆಚ್ಚಾಗಿ ಶ್ವಾಸಕೋಶಕ್ಕೆ ಹರಡುತ್ತದೆ. ಹೃದಯ, ಮೂತ್ರಪಿಂಡ, ಕರುಳು, ಮಿದುಳುಗಳಲ್ಲಿ ಅದು ತಲೆಯೆತ್ತುವುದು ಅಪರೂಪ. ಅಪರೂಪವಾದುದರಿಂದಲೇ ವೈದ್ಯರ ಊಹೆಗೂ ಅದು ಸುಲಭವಾಗಿ ಬರುವುದಿಲ್ಲ.

1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಕ್ಷ-ಕಿರಣ, ಮೂಳೆಯನ್ನು ಕೊಯ್ಯದೆಯೇ ತೋರಿಸಿತು. 1971ರಲ್ಲಿ ಎರಡು ಹೊಸ ಕಣ್ಣುಗಳು ತೆರೆದವು. ಒಂದು, ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಸ್ಕ್ಯಾನ್. ಇನ್ನೊಂದು, ಭಾರತೀಯ ಮೂಲದ ಗೋಪಾಲ ಸುಬ್ರಮಣಿಯನ್ ಮತ್ತು ಅಮೆರಿಕದ ಮೆಕಾಫಿ ರೂಪಿಸಿದ, ಟೆಕ್ನೀಷಿಯಂ ಬಳಸುವ ಮೂಳೆ ಸ್ಕ್ಯಾನ್. ಹೊಸ ಮೂಳೆ ಬೆಳೆಯುವಲ್ಲಿ ಈ ವಿಕಿರಣ ವಸ್ತು ಸೇರಿಕೊಳ್ಳುತ್ತದೆ. ಸ್ವಾರಸ್ಯವೆಂದರೆ, ಆಸ್ಟಿಯೋಸಾರ್ಕೋಮಾ ತಾನು ಹೋದಲ್ಲೆಲ್ಲ ಮೂಳೆಯನ್ನು ಕಟ್ಟುವ ಗುಣವನ್ನು ಬಿಡುವುದಿಲ್ಲ. ಮೂಳೆಯೇ ಇಲ್ಲದ ಹೃದಯದಲ್ಲಿ ಸುಣ್ಣದಂಥ ಕಲೆಗಳು ಕಂಡರೆ, ಸ್ಕ್ಯಾನಿನಲ್ಲಿ ಅದೇ ಜಾಗ ಮೂಳೆಯಂತೆ ಹೊಳೆದರೆ, ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ. ಆದರೆ ಕೊನೆಯ ತೀರ್ಪು ಸೂಕ್ಷ್ಮದರ್ಶಕದ್ದೇ. ಗಡ್ಡೆಯ ಚೂರನ್ನು ತೆಗೆದು, ರೋಗದ ಜೀವಕೋಶಗಳೇ ಎಳೆಮೂಳೆಯನ್ನು ಹೆಣೆಯುತ್ತಿವೆಯೇ ಎಂದು ನೋಡಿ, ಹಿಂದಿನ ಶಸ್ತ್ರಚಿಕಿತ್ಸೆಯ ಗಾಜಿನ ಪಟ್ಟಿಗಳೊಡನೆ ಹೋಲಿಸಬೇಕು.

ಇಂತಹ ಕೆಲಸಕ್ಕೆ ಪ್ರಯೋಗಾಲಯವೂ ಪರಿಣತರೂ ಒಂದೇ ಕಡೆ ಇರಬೇಕು. ಉಡುಪಿಯ ಪಕ್ಕದ ಮುರಕಲ್ಲಿನ ಬೋಳುಗುಡ್ಡದ ಮೇಲೆ ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದಾಗ ಈ ಪ್ರದೇಶ ಮದರಾಸು ರಾಜ್ಯದಲ್ಲಿತ್ತು. ಮೊದಲ ವರ್ಷಗಳಲ್ಲಿ ವಿದ್ಯಾರ್ಥಿಗಳು ರೋಗಿಗಳ ಬಳಿ ಕಲಿಯಲು ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗೆ ಹೋಗಬೇಕಿತ್ತು. 1961ರಲ್ಲಿ ಮಣಿಪಾಲದಲ್ಲಿಯೇ ಕಸ್ತೂರ್ಬಾ ಆಸ್ಪತ್ರೆ ತಲೆಯೆತ್ತಿತು. ಕಾರ್ಕಳದಿಂದಲೋ ಕಾಪುವಿನಿಂದಲೋ ಹೊರಟ ರೋಗಿಗೆ ದೊಡ್ಡಾಸ್ಪತ್ರೆ ಬಸ್ಸಿನ ದಾರಿಯಷ್ಟು ಹತ್ತಿರವಾಯಿತು.

ಚಿಕಿತ್ಸೆಯೂ ಬದಲಾಗಿದೆ. 1970ರ ದಶಕಕ್ಕೆ ಮೊದಲು ಕಾಲನ್ನೇ ಕತ್ತರಿಸಿದರೂ ಐವರಲ್ಲಿ ಸುಮಾರು ಒಬ್ಬರು ಮಾತ್ರ ಬದುಕುಳಿಯುತ್ತಿದ್ದರು. ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಮೆರಿಕದಲ್ಲಿ ರೂಪಿಸಿದ ಮೆಥೊಟ್ರೆಕ್ಸೇಟ್ ಮುಂತಾದ ಔಷಧಗಳು ಬಂದ ಮೇಲೆ, ಹರಡುವ ಮುನ್ನವೇ ಪತ್ತೆಯಾದರೆ ನೂರರಲ್ಲಿ ಅರುವತ್ತಕ್ಕೂ ಹೆಚ್ಚು ಮಂದಿ ಉಳಿಯುತ್ತಾರೆ. ಅನೇಕರಿಗೆ ಕಾಲನ್ನೂ ಉಳಿಸಿಕೊಳ್ಳಲು ಸಾಧ್ಯವಾಗಿದೆ.

ಮಿತ್ರರೇ, ಈ ಕಥೆ ನಿಮ್ಮದೂ ಹೌದು. ಈ ರೋಗ ಹೆಚ್ಚಾಗಿ ಕಾಡುವುದು ಹತ್ತರಿಂದ ಇಪ್ಪತ್ತರ ವಯಸ್ಸಿನವರನ್ನು, ಅದೂ ಮೊಣಕಾಲಿನ ಬಳಿ. ಕಬಡ್ಡಿ ಆಡುವಾಗ ಆದ ಪೆಟ್ಟೆಂದು ಎಣ್ಣೆ ತಿಕ್ಕುತ್ತ ತಿಂಗಳುಗಳನ್ನು ಕಳೆಯುವುದುಂಟು. ಕಾಲುನೋವೆಲ್ಲ ಕ್ಯಾನ್ಸರಲ್ಲ, ಹೆದರಬೇಕಾಗಿಲ್ಲ. ಆದರೆ ನೋವು ವಾರಗಟ್ಟಲೆ ಉಳಿದು, ರಾತ್ರಿ ಹೆಚ್ಚಾಗಿ, ಊತವೂ ಕಾಣಿಸಿದರೆ ಒಂದು ಕ್ಷ-ಕಿರಣ ಚಿತ್ರ ತೆಗೆಸಿಕೊಳ್ಳಿ. ಹಿಂದೆ ಚಿಕಿತ್ಸೆಯಾಗಿದ್ದರೆ ಆ ಕಾಗದಪತ್ರಗಳನ್ನು ಜೋಪಾನವಾಗಿಟ್ಟು, ಮುಂದೆ ಯಾವ ಊರಿನ ಯಾವ ವೈದ್ಯರ ಬಳಿ ಹೋದರೂ ತೋರಿಸಿ. ಹೃದಯದಲ್ಲಿನ ಗಡ್ಡೆಯ ಗುಟ್ಟು ಎಷ್ಟೋ ವೇಳೆ ಆ ಹಳೆಯ ಕಾಗದದಲ್ಲಿಯೇ ಇರುತ್ತದೆ.